ಕೀಳಬಾರದ ಬಳ್ಳಿ

ಭಾದ್ರಪದ ಮುಗಿದು ಆಶ್ವಯುಜ ಕಾಲಿಡುವ ಹೊತ್ತು. ತೋರಣಗಲ್ಲಿನ ಒಂದು ಮನೆಯ ಹಿತ್ತಿಲನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಬಚ್ಚಲ ನೀರು ಹರಿದುಹೋಗುವ ಮೂಲೆಯಲ್ಲಿ ಆರಿದ್ರಾ ಮಳೆಗೆ ಊರಿದ ಚಪ್ಪರದವರೆ ಅಷ್ಟರೊಳಗೆ ಕಲ್ಲುಕಂಬವನ್ನೇರಿ, ಚಪ್ಪರವನ್ನೆಲ್ಲ ತುಂಬಿ, ಪಕ್ಕದ ಮನೆಯವರು ಬಟ್ಟೆ ಒಣಹಾಕುವ ಹಗ್ಗಕ್ಕೂ ಕೈಚಾಚಿದೆ. ಎಲೆಗೆ ಎಲೆ ಹೆಣೆದುಕೊಂಡು ಕೆಳಗೆ ಬಿಸಿಲು ಬೀಳದಷ್ಟು ದಟ್ಟವಾಗಿದೆ. ಆದರೆ ಎಷ್ಟು ಹುಡುಕಿದರೂ ಒಂದು ಹೂವಿಲ್ಲ.

“ನೂರು ದಿನ ಆತವ್ವಾ, ಬರೇ ಎಲಿ. ಕಿತ್ತು ಹಾಕಿ ಆ ಜಾಗದಾಗ ಮೆಂತ್ಯ ಹಾಕೋಣೇನು?” ಎಂದು ಕುಡುಗೋಲು ಹಿಡಿದ ಮಗ ಕೇಳುತ್ತಾನೆ.

“ಅದಕ್ಕ ಕೈ ಹಚ್ಚಬ್ಯಾಡಪ್ಪಾ. ದೀಪಾವಳಿ ಬರ್ಲಿ, ಆಮ್ಯಾಲೆ ನೋಡು,” ಎನ್ನುತ್ತಾಳೆ ತಾಯಿ.

ತಾಯಿ ಕಾರಣ ಹೇಳುವುದಿಲ್ಲ. ಆಕೆಯ ಅತ್ತೆಯೂ ಹೇಳಿರಲಿಲ್ಲ. ಮಗನಿಗಾದರೋ ಕಾರಣವಿಲ್ಲದ ಮಾತು ಹಿಡಿಸದು. ನೆಲದಲ್ಲಿ ಸಾರವಿಲ್ಲ, ಬೀಜ ಕೆಟ್ಟದ್ದು, ಇಲ್ಲವೆ ಯಾರದೋ ದೃಷ್ಟಿ ತಗುಲಿದೆ ಎಂದು ನೆರೆಹೊರೆಯವರು ತಲೆಗೊಂದು ತೀರ್ಪು ಕೊಡುತ್ತಾರೆ. ಈ ಮೂರೂ ತೀರ್ಪುಗಳು ತಪ್ಪು. ತಾಯಿಯ ಮಾತೊಂದೇ ಸರಿ. ತಡೆಯುವ ಹಿರಿಯರಿಲ್ಲದ ಮನೆಯಲ್ಲಿ ಕುಡುಗೋಲು ತನ್ನ ಕೆಲಸವನ್ನು ಮುಗಿಸಿಬಿಡುತ್ತದೆ. ಹಾಗೆ ಹೋಗುವುದು ಒಂದು ಬಳ್ಳಿ ಮಾತ್ರವಲ್ಲ. ಮನೆಯಲ್ಲಿದ್ದ ಬೀಜವನ್ನೆಲ್ಲ ಆ ವರ್ಷವೇ ಊರಿದ್ದರೆ, ತವರಿನಿಂದ ಸೆರಗಿನ ತುದಿಗೆ ಗಂಟುಕಟ್ಟಿ ತಂದು ವರ್ಷವರ್ಷವೂ ಉಳಿಸಿಕೊಂಡು ಬಂದ ತಳಿಯೂ ಅದರೊಡನೆ ಹೋಗುತ್ತದೆ. ಪೇಟೆಗೆ ಹೋಗಿ ಬೇರೆ ಅವರೆಬೀಜವನ್ನು ತರಬಹುದು. ಆ ಅವರೆಯನ್ನು ತರಲು ಆಗುವುದಿಲ್ಲ.

ದೀಪಾವಳಿಗೂ ಅವರೆಯ ಹೂವಿಗೂ ಇರುವ ಸಂಬಂಧ ದೇವರ ಮನೆಯದಲ್ಲ, ಆಕಾಶದ್ದು. 1920ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಹೊಗೆಸೊಪ್ಪಿನ ಒಂದು ತಳಿಯನ್ನೂ ಸೋಯಾ ಅವರೆಯನ್ನೂ ಪರೀಕ್ಷಿಸಿ ಒಂದು ವಿಷಯವನ್ನು ಪ್ರಕಟಿಸಿದರು. ಆ ಹೊಗೆಸೊಪ್ಪು ಬೇಸಗೆಯುದ್ದಕ್ಕೂ ಆಳೆತ್ತರ ಮೀರಿ ಬೆಳೆಯುತ್ತಿತ್ತೇ ಹೊರತು ಹೂಬಿಡುತ್ತಿರಲಿಲ್ಲ. ಗೊಬ್ಬರ, ನೀರು, ಬಿಸಿ ಯಾವುದನ್ನು ಹೆಚ್ಚುಕಡಿಮೆ ಮಾಡಿದರೂ ಪ್ರಯೋಜನವಾಗಲಿಲ್ಲ. ಕುಂಡಗಳನ್ನು ಸಂಜೆಗೆ ಮುಂಚೆಯೇ ಕತ್ತಲೆಯ ಕೋಣೆಗೆ ಸೇರಿಸಿ ಹಗಲನ್ನು ಮೊಟಕುಗೊಳಿಸಿದಾಗ ಮಾತ್ರ ಹೂ ಬಂತು. ಗಿಡವು ದಿನದ ಉದ್ದವನ್ನು ಅಳೆಯುತ್ತದೆ ಎಂಬುದು ಆಗ ಲೋಕಕ್ಕೆ ತಿಳಿಯಿತು. ಗಿಡ ನಿಜವಾಗಿ ಅಳೆಯುವುದು ಹಗಲನ್ನಲ್ಲ, ತಡೆಯಿಲ್ಲದ ಇರುಳನ್ನು ಎಂಬುದು ಮುಂದಿನ ಸಂಶೋಧನೆಗಳಿಂದ ಸ್ಪಷ್ಟವಾಯಿತು.

ಹಳೆಯ ಚಪ್ಪರದವರೆ ತಳಿಗಳೆಲ್ಲ ಇದೇ ಜಾತಿಗೆ ಸೇರಿದವು. ತೋರಣಗಲ್ಲಿನಲ್ಲಿ ಜೂನ್ ತಿಂಗಳ ಕೊನೆಯಲ್ಲಿ ಹಗಲು ಸುಮಾರು 13 ಗಂಟೆಗಳಷ್ಟು ಉದ್ದ; ಡಿಸೆಂಬರ್ ಕೊನೆಯಲ್ಲಿ 11 ಗಂಟೆ ಕಾಲು. ಎರಡು ಗಂಟೆಗೂ ಕಡಮೆಯಾದ ಈ ಅಂತರ ಮನುಷ್ಯನ ಗಮನಕ್ಕೆ ಅಷ್ಟಾಗಿ ಬಾರದಿದ್ದರೂ ಬಳ್ಳಿಗೆ ಅದೇ ಪಂಚಾಂಗ. ಸೆಪ್ಟೆಂಬರ್ 22ರ ಸುಮಾರಿಗೆ ಹಗಲಿರುಳು ಸಮವಾಗಿ, ಅಲ್ಲಿಂದ ಮುಂದೆ ಇರುಳು ಮೇಲುಗೈಯಾದ ಮೇಲೆಯೇ ಅದು ಎಲೆಯ ಹುಚ್ಚನ್ನು ಬಿಟ್ಟು ಹೂವಿನ ಕಡೆಗೆ ತಿರುಗುತ್ತದೆ. ಮೊಗ್ಗಿನ ಕಡ್ಡಿ ಎಲೆಗಳ ಸಂದಿನಿಂದ ನೆಟ್ಟಗೆ ಮೇಲೆದ್ದು ನಿಲ್ಲುವ ವೇಳೆಗೆ ದೀಪಾವಳಿ ಬಂದಿರುತ್ತದೆ. ಕುಡುಗೋಲು ಹಿಡಿದ ಮಗ ಇನ್ನೊಂದು ತಿಂಗಳು ತಾಳಿದರೆ ಸಾಕು.

ಈ ಒಂದು ಸಂಗತಿ ತಿಳಿದರೆ ಹಿತ್ತಿಲಿನ ಅನೇಕ ಒಗಟುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಮಾಘದಲ್ಲಿ ಬೀಜ ದೊರೆಯಿತೆಂದು ಆಗಲೇ ಊರಿದವರ ಬಳ್ಳಿ ಬೇಸಗೆಯೆಲ್ಲ ನೀರು ಕುಡಿದು, ಮಳೆಗಾಲವೆಲ್ಲ ಹಬ್ಬಿ, ಕಡೆಗೆ ಎಲ್ಲರ ಬಳ್ಳಿಯ ಜೊತೆಗೇ ಹೂಬಿಡುತ್ತದೆ. ಮೊದಲು ಬಿತ್ತಿದವರಿಗೆ ಮೊದಲು ಕಾಯಿ ಎಂಬ ನ್ಯಾಯ ಇಲ್ಲಿ ನಡೆಯದು. ಗಣೇಶನ ಹಬ್ಬದ ಮೇಲೆ ಊರಿದ ಬೀಜವೂ ಹೆಚ್ಚು ತಡಮಾಡದೆ ಹೂಬಿಡುತ್ತದೆ, ಆದರೆ ಮೊಣಕಾಲೆತ್ತರದ ಬಳ್ಳಿಯಲ್ಲಿ ಹಿಡಿಯಷ್ಟೇ ಕಾಯಿ. ಬಿತ್ತುವ ದಿನವು ಚಪ್ಪರದ ಗಾತ್ರವನ್ನು ನಿರ್ಧರಿಸುತ್ತದೆ, ಹೂವಿನ ದಿನವನ್ನಲ್ಲ. ಅಂಗಳ ವಿಶಾಲವಾಗಿದ್ದವರು ಮೃಗಶಿರ, ಆರಿದ್ರಾ ಮಳೆಗಳಲ್ಲಿ ಬಿತ್ತಬೇಕು. ಬಾಡಿಗೆಮನೆಯ ನಾಲ್ಕು ಅಡಿ ಅಂಗಳದವರು ಶ್ರಾವಣದವರೆಗೆ ತಡೆದರೆ ಬಳ್ಳಿಯೂ ಅಂಗಳಕ್ಕೆ ತಕ್ಕಷ್ಟೇ ಬೆಳೆದು, ಮನೆಯ ಮಾಲೀಕರ ಮುಖವೂ ಸೌಮ್ಯವಾಗಿರುತ್ತದೆ.

ದೀಪದ ವಿಷಯವೂ ಇಲ್ಲಿಯೇ ಬರುತ್ತದೆ. ತೋರಣಗಲ್ಲು ಒಂದು ಕಾಲಕ್ಕೆ ಹೊಸಪೇಟೆ ಮತ್ತು ಬಳ್ಳಾರಿಗಳ ನಡುದಾರಿಯ ಹಳ್ಳಿ. ರಣಜಿತ್‌ಪುರದ ಕಡೆಗೆ ರೈಲಿನ ಕವಲು ಹೊರಡುವ ನಿಲ್ದಾಣ. 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಇಲ್ಲಿ ಉಕ್ಕಿನ ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದರು. ಕಾರ್ಖಾನೆ ಮೇಲೆದ್ದದ್ದು 1990ರ ದಶಕದಲ್ಲಿ, ಖಾಸಗಿಯವರ ಕೈಯಲ್ಲಿ. ಅದರ ಬೆನ್ನಿಗೆ ವಸತಿಗೃಹಗಳು, ಅಂಗಡಿಸಾಲುಗಳು, ಇರುಳನ್ನು ಹಗಲು ಮಾಡುವ ದೀಪಗಳು ಬಂದವು. ಬೀದಿಯ ಪ್ರಖರವಾದ ದೀಪವೊಂದು ನೇರವಾಗಿ ಚಪ್ಪರದ ಮೇಲೆ ಬೆಳಗುತ್ತಿದ್ದರೆ ಬಳ್ಳಿಗೆ ಇರುಳಾದದ್ದೇ ತಿಳಿಯದು. ದೀಪದ ಕಡೆಯ ರೆಂಬೆಗಳು ಎಲೆಯನ್ನೇ ಬಿಡುತ್ತ ಹೋಗಿ, ಗೋಡೆಯ ನೆರಳಿನ ಕಡೆಯ ರೆಂಬೆಗಳು ಹೂಬಿಟ್ಟಿರುವುದನ್ನು ಕಂಡರೆ ಬೆರಗಾಗಬೇಕಾದುದಿಲ್ಲ. ಬೀದಿದೀಪವನ್ನು ಆರಿಸುವುದು ಗೃಹಸ್ಥರ ಕೈಯಲ್ಲಿಲ್ಲ. ಬೀಜ ಊರುವ ಮೂಲೆಯನ್ನು ಆರಿಸುವುದಾದರೂ ಅವರ ಕೈಯಲ್ಲಿದೆ. ಹಗಲು ಆರೇಳು ಗಂಟೆ ಬಿಸಿಲು ಬಿದ್ದು, ಇರುಳು ದೀಪ ತಾಗದ ಮಗ್ಗುಲು ಅದಕ್ಕೆ ಪ್ರಶಸ್ತ. ಹಿತ್ತಿಲ ಬಾಗಿಲ ದೀಪವನ್ನು ಬೆಳಗಿನವರೆಗೂ ಉರಿಸುವ ಅಭ್ಯಾಸವಿದ್ದರೆ ಆಶ್ವಯುಜ ಕಾರ್ತಿಕಗಳಲ್ಲಿ ಅದನ್ನು ಆರಿಸಿ ಮಲಗಬಹುದು.

ವಸತಿಗೃಹಗಳ ಹಿತ್ತಿಲುಗಳಲ್ಲಿ ಇನ್ನೊಂದು ಬಗೆಯ ನಿರಾಶೆಯೂ ಉಂಟು. ಬೀಜದ ಪೊಟ್ಟಣದ ಮೇಲಿನ ಚಿತ್ರಕ್ಕೆ ಮನಸೋತು ‘ರನ್ನರ್ ಬೀನ್ಸ್’ ತರಿಸಿಕೊಳ್ಳುವವರಿದ್ದಾರೆ. ಕೆಂಡದಂತಹ ಹೂಗೊಂಚಲು, ಮೊಳದುದ್ದದ ಹಸುರು ಕಾಯಿ. ಚಿತ್ರದಲ್ಲಿ ಅದು ಚೆಲುವೆಯೇ ಸರಿ. ಅದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಎತ್ತರದ ತಂಪು ಬೆಟ್ಟಗಳು. 17ನೆಯ ಶತಮಾನದಲ್ಲಿ ಇಂಗ್ಲೆಂಡಿಗೆ ಹೋದಾಗ ಅಲ್ಲಿಯವರು ಅದನ್ನು ಮೊದಲು ಬೆಳೆಸಿದ್ದು ಹೂವಿನ ಅಂದಕ್ಕಾಗಿ. ಕಾಯಿಯನ್ನು ಅಡಿಗೆಗೆ ಬಳಸಿದ್ದು ಆಮೇಲೆ. ಇಂದು ಇಂಗ್ಲಿಷರ ಹಿತ್ತಿಲುಗಳಲ್ಲಿ ಅದು ಮನೆಮಗಳಂತೆ ನೆಲಸಿದೆ. ಆದರೆ ಬಿಸಿ ಏರಿದರೆ ಅದರ ಹೂವು ಕಾಯಿಕಟ್ಟದೆ ಉದುರುತ್ತದೆ. ಜೊತೆಗೆ ದುಂಬಿ ಜೇನುಗಳು ಬಂದು ಹೂವನ್ನು ಅದುಮದೆ ಕಾಯಿ ಸರಿಯಾಗಿ ನಿಲ್ಲುವುದಿಲ್ಲ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ ಸೀಮೆಯ ಬಂಡೆಗಳ ನಡುವೆ ಅದನ್ನು ಬೆಳೆಸಲು ಹೋಗುವುದು ಎಮ್ಮೆಯನ್ನು ಮರಳುಗಾಡಿಗೆ ಹೊಡೆದಂತೆ. ನೀಲಗಿರಿಯಂತಹ ಬೆಟ್ಟಸೀಮೆಗೆ ಅದು ಒಗ್ಗೀತು. ಬಯಲಿನಲ್ಲಿ ಚಪ್ಪರಕ್ಕೆ ಹಬ್ಬಿ, ಚಳಿಗಾಲ ಪೂರ್ತಿ ಕಾಯಿ ಕೊಟ್ಟು, ಅದೇ ಕೆಲಸವನ್ನು ಮಾಡಿಕೊಡುವ ಬಳ್ಳಿ ಅವರೆಯೇ.

ಇದಕ್ಕೆ ಪರಿಚಯ ಮಾಡಿಸುವ ಅಗತ್ಯವೂ ಇಲ್ಲ. ಕಾರ್ಖಾನೆಯ ಕೆಲಸಕ್ಕಾಗಿ ದೇಶದ ನಾನಾ ಮೂಲೆಗಳಿಂದ ಬಂದು ನೆಲಸಿದ ಗೃಹಿಣಿಯರು ಒಂದು ಸಂಜೆ ಚಪ್ಪರದಡಿ ಕೂಡಿದರೆ ಒಂದೇ ಕಾಯಿಗೆ ಹತ್ತು ಹೆಸರು ಕೇಳಬಹುದು. ಆಂಧ್ರದವರಿಗೆ ಅದು ಚಿಕ್ಕುಡು, ತಮಿಳರಿಗೆ ಅವರೈ, ಬಂಗಾಳದವರಿಗೆ ಶಿಮ್, ಹಿಂದಿಯವರಿಗೆ ಸೇಮ್. ಭಾಷೆ ತಿಳಿಯದಿದ್ದರೂ ಕಾಯಿಯ ನಾರು ಬಿಡಿಸುವ ಬೆರಳುಗಳಿಗೆ ಅನುವಾದ ಬೇಕಾಗುವುದಿಲ್ಲ.

ಅಷ್ಟೇ ಅಲ್ಲ, ಈ ಸೀಮೆಗೂ ಅವರೆಗೂ ಇರುವ ನಂಟು ಬಲು ಹಳೆಯದು. ತೋರಣಗಲ್ಲಿನಿಂದ ಬಳ್ಳಾರಿಯ ದಾರಿ ಹಿಡಿದರೆ ಕುಡತಿನಿಯ ಬಳಿ ಬೂದಿಯ ದಿಬ್ಬವೊಂದಿದೆ. ನವಶಿಲಾಯುಗದ ದನಗಾಹಿ ಜನ ಸೆಗಣಿಯನ್ನು ರಾಶಿಹಾಕಿ ಮತ್ತೆ ಮತ್ತೆ ಸುಟ್ಟದ್ದರ ಗುರುತು ಅದು. ಇನ್ನೂ ಮುಂದೆ, ಬಳ್ಳಾರಿಯ ಮಗ್ಗುಲಿನಲ್ಲಿಯೇ ಸಂಗನಕಲ್ಲಿನ ಗುಡ್ಡಗಳಿವೆ. ಅಲ್ಲಿ 1940ರ ದಶಕದಲ್ಲಿ ಬೆಂಡಪೂಡಿ ಸುಬ್ಬರಾವ್ ಅವರು ಉತ್ಖನನ ನಡೆಸಿ ಆ ಜನರ ಕಾಲಕ್ರಮವನ್ನು ಬಿಡಿಸಿ ತೋರಿಸಿದರು. ಬಹುಕಾಲದ ಮೇಲೆ ಧಾರವಾಡದ ರವಿ ಕೋರಿಶೆಟ್ಟರ್, ಇಂಗ್ಲೆಂಡಿನ ಡೋರಿಯನ್ ಫುಲ್ಲರ್ ಮೊದಲಾದವರು ಈ ಸೀಮೆಯ ಹಳೆಯ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ, ಅದರೊಳಗಿನ ಸುಟ್ಟು ಕರಿಕಾದ ಕಾಳುಗಳನ್ನು ಆರಿಸಿ ನೋಡಿದರು. ಈ ನೆಲದವೇ ಆದ ಹುರುಳಿ, ಹೆಸರು ಮುಂತಾದವು ಮೊದಲಿನಿಂದಲೂ ಕಂಡುಬಂದವು. ಅನಂತರದ ಪದರಗಳಲ್ಲಿ, ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ, ಅವರೆಯೂ ಬಂದು ಸೇರಿತು. ಅವರೆಯ ಕಾಡುಬಳ್ಳಿ ಇರುವುದು ಆಫ್ರಿಕದಲ್ಲಿ. ಕಡಲು ದಾಟಿ ಬಂದ ಈ ಕಾಳನ್ನು ಈ ಬಂಡೆಗಳ ನಾಡಿನ ಯಾರೋ ಊರಿ, ಹೂವಿಗಾಗಿ ಕಾದು, ಬೀಜಕ್ಕೆಂದು ಒಂದಿಷ್ಟನ್ನು ತೆಗೆದಿಟ್ಟಿರಬೇಕು. ಇಲ್ಲವಾದರೆ ಮರುವರ್ಷ ಅದು ಇರುತ್ತಿರಲಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ನಾಡಿನ ಬೆಳೆಗಳನ್ನು ಹೇಳುವಾಗ ಭತ್ತ ಜೋಳಗಳ ಜೊತೆಗೆ ಅವರೆಯಂತಹ ಕಾಳುಗಳನ್ನೂ ಹೆಸರಿಸಿದ್ದಾನೆ. ಅಮೆರಿಕದ ಹುರುಳಿಕಾಯಿಗೆ ಆಗ ಹಂಪಿಯ ದಾರಿ ತಿಳಿದಿರುವ ಸಂಭವ ಕಡಮೆ. ಅವನು ಕಂಡದ್ದು ಇಲ್ಲಿನ ಹಳೆಯ ಕಾಳುಗಳನ್ನೇ ಇರಬೇಕು.

ಇನ್ನು ಕೃಷಿಯ ಮಾತು. ಸಂಡೂರಿನ ಬೆಟ್ಟದ ಕಡೆಗೆ ಕೆಮ್ಮಣ್ಣು, ಬಳ್ಳಾರಿಯ ಬಯಲಿನ ಕಡೆಗೆ ಎರೆಮಣ್ಣು. ತೋರಣಗಲ್ಲಿನವರಿಗೆ ಎರಡರ ಪರಿಚಯವೂ ಇದೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿಯನ್ನು ಬೇಸಗೆಯಲ್ಲಿಯೇ ತೋಡಿ ಬಿಸಿಲಿಗೆ ಬಿಡಬೇಕು. ಅಗೆದ ಮಣ್ಣಿಗೆ ಎರಡು ಬುಟ್ಟಿ ಹಳೆಯ ತಿಪ್ಪೆಗೊಬ್ಬರ, ಎರಡು ಹಿಡಿ ಒಲೆಯ ಬೂದಿ ಬೆರೆಸಿ ಮುಚ್ಚಬೇಕು. ಎರೆಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುವ ಭಯವಿರುವುದರಿಂದ ಗುಣಿಯ ಬಾಯನ್ನು ಗೇಣೆತ್ತರಕ್ಕೆ ಏರಿಸಿ ದಿಣ್ಣೆ ಮಾಡುವುದು ಲೇಸು. ಕೆಮ್ಮಣ್ಣಿನಲ್ಲಿ ನೀರು ಬಸಿದುಹೋಗುವುದರಿಂದ ಬುಡಕ್ಕೆ ಒಣಹುಲ್ಲಿನ ಹೊದಿಕೆ ಬೇಕು. ಗುಣಿಗೆ ನಾಲ್ಕು ಕಾಳು, ಅಂಗುಲದ ಆಳ, ವಾರದೊಳಗೆ ಮೊಳೆಯುತ್ತವೆ. ಗೇಣುದ್ದವಾದಾಗ ಚೆನ್ನಾದ ಎರಡನ್ನು ಉಳಿಸಿ ಮಿಕ್ಕದ್ದನ್ನು ಚಿವುಟಬೇಕು. ಇಲ್ಲಿ ಕನಿಕರ ತೋರಿ ನಾಲ್ಕನ್ನೂ ಬಿಡುವವರು ಮುಂದೆ ನಾಲ್ಕರಿಂದಲೂ ಬಯ್ಯಿಸಿಕೊಳ್ಳುತ್ತಾರೆ. ಎರಡು ಗುಣಿಗಳ ನಡುವೆ ಐದಾರು ಅಡಿ ಅಂತರವಿರಲಿ.

ಚಪ್ಪರಕ್ಕೆ ಹಣ ಸುರಿಯಬೇಕಾಗಿಲ್ಲ. ಕಲ್ಲುಕಂಬವಿದ್ದ ಮನೆಯವರು ಪುಣ್ಯವಂತರು. ಇಲ್ಲದಿದ್ದರೆ, ಕರೆಯದೆ ಬಂದು ಸೀಮೆಯನ್ನೆಲ್ಲ ಆಕ್ರಮಿಸಿರುವ ಬಳ್ಳಾರಿ ಜಾಲಿಯನ್ನು ಕಡಿದು ಗೂಟ ಮಾಡಬಹುದು. ಆ ಮುಳ್ಳಿನ ಗಿಡ ಮನುಷ್ಯನಿಗೆ ಮಾಡುವ ಕೆಲವೇ ಉಪಕಾರಗಳಲ್ಲಿ ಇದೂ ಒಂದು. ಮೇಲೆ ತಂತಿಯೆಳೆದು ಒಣಗಿದ ಹತ್ತಿಕಟ್ಟಿಗೆಯನ್ನೊ ತೊಗರಿಕಟ್ಟಿಗೆಯನ್ನೊ ಹಾಸಿದರಾಯಿತು. ಎತ್ತರ ಆರಡಿ ಸಾಕು. ಮನೆಯ ಗಂಡಸರು ಹೆಮ್ಮೆಗೆಂದು ಒಂಬತ್ತಡಿಯ ಚಪ್ಪರ ಕಟ್ಟಿಸಿದರೆ ಕಾಯಿ ಬಿಡಿಸುವ ಹೆಂಗಸರು ಸ್ಟೂಲು ಹುಡುಕಬೇಕಾಗುತ್ತದೆ. ಬಳ್ಳಿ ಚಪ್ಪರ ಮುಟ್ಟುವವರೆಗೆ ಒಂದೇ ಕುಡಿಯನ್ನು ಗೋಣಿಯ ಹುರಿಗೆ ಹಬ್ಬಿಸಿ, ಮುಟ್ಟಿದ ಮೇಲೆ ತುದಿ ಚಿವುಟಬೇಕು. ಪಕ್ಕದ ಕವಲುಗಳು ಒಡೆದು ನಾಲ್ಕೂ ಕಡೆಗೆ ಹರಡುತ್ತವೆ.

ನೀರು ಮತ್ತು ಗೊಬ್ಬರದ ವಿಷಯದಲ್ಲಿ ಅತಿ ಪ್ರೀತಿಯೇ ಶತ್ರು. ಅವರೆಯ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದುಕೊಡುತ್ತವೆ. ಹೂ ಬರಲಿಲ್ಲವೆಂದು ಕಳವಳಗೊಂಡು ಯೂರಿಯಾ ಹಾಕಿದರೆ ಬಳ್ಳಿ ಇನ್ನಷ್ಟು ಎಲೆಯನ್ನೇ ಬಿಡುತ್ತದೆ. ಈ ಸೀಮೆಯಲ್ಲಿ ಸೆಪ್ಟೆಂಬರಿನ ಮಳೆಯೇ ದೊಡ್ಡದು; ಆ ತಿಂಗಳು ಬುಡಕ್ಕೆ ಕೊಡಪಾನದ ನೀರು ಬೇಡ. ಮೊಗ್ಗು ಕಂಡ ಮೇಲೆ ಮಾತ್ರ ಮೂರು ನಾಲ್ಕು ದಿನಕ್ಕೊಮ್ಮೆ ತಪ್ಪದೆ ನೀರುಣಿಸಬೇಕು. ಆಗ ಒಣಗಿದರೆ ಹೂವು ಉದುರುತ್ತದೆ. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಎಲ್ಲವೂ ನಡೆಯುತ್ತದೆ. ಸೋಪಿನ ಪುಡಿ ಕದಡಿದ ಬಟ್ಟೆಯ ನೀರು ಮಾತ್ರ ಬೇರೆ ಕಡೆಗೆ ಹರಿಯಲಿ. ಅದಿರಿನ ಸೀಮೆಯಲ್ಲಿ ರಸ್ತೆಯ ಪಕ್ಕದ ಎಲೆಗಳ ಮೇಲೆ ಕೆಂಧೂಳು ಕೂರುವುದುಂಟು. ವಾರಕ್ಕೊಮ್ಮೆ ಮುಂಜಾನೆ ಎಲೆಗಳ ಮೇಲೆ ನೀರೆರಚಿದರೆ ಬಳ್ಳಿ ಉಸಿರಾಡುತ್ತದೆ.

ಮಾರ್ಗಶಿರದ ಮೋಡದ ದಿನಗಳಲ್ಲಿ ಹೂಕಡ್ಡಿಯ ತುದಿಗೆ ಕಪ್ಪು ಹೇನು ಮುತ್ತುತ್ತದೆ. ಇರುವೆಗಳ ಸಾಲು ಬಳ್ಳಿಯನ್ನು ಏರುತ್ತಿದ್ದರೆ ಹೇನು ಬಂದಿದೆಯೆಂದೇ ಅರ್ಥ. ಹೇನು ಒಸರುವ ಸಿಹಿಗಾಗಿ ಇರುವೆ ಅದನ್ನು ಹಸುವಿನಂತೆ ಸಾಕುತ್ತದೆ. ಮೊದಲ ದಿನವೇ ಕಂಡರೆ ಆ ತುದಿಯನ್ನು ಚಿವುಟಿ ಎಸೆದರೆ ಮುಗಿಯಿತು. ಹರಡಿದ್ದರೆ ನೀರನ್ನು ರಭಸದಿಂದ ಹೊಡೆದು ತೊಳೆದು, ಸಂಜೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ತುಸು ಸಾಬೂನಿನೊಡನೆ ಕಲಸಿ ಸಿಂಪಡಿಸಬೇಕು. ಕಾಯಿಕೊರಕ ಹುಳುವಿಗೆ ಬೇವಿನ ಬೀಜದ ಕಷಾಯ: 50 ಗ್ರಾಂ ಒಣಬೀಜದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಹಿಂಡಿ, ಸೋಸಿ ಹೊಡೆಯುವುದು. ಎರಡು ದಿನಕ್ಕೊಮ್ಮೆ ಕಾಯಿ ಕೊಯ್ದು ಮಕ್ಕಳಿಗೆ ಉಣಬಡಿಸುವ ಬಳ್ಳಿಗೆ ಅಂಗಡಿಯ ವಿಷದ ಸೀಸೆಯನ್ನು ತರುವ ಯೋಚನೆಯೇ ಬೇಡ.

ಪುಷ್ಯ ಮಾಸದ ಹೊತ್ತಿಗೆ ಬಳ್ಳಿಗೆ ಭರ್ತಿ ಕಾಯಿ. ಕಾಳು ಉಬ್ಬುವ ಮೊದಲೇ, ಚಪ್ಪಟೆಯಾಗಿರುವಾಗಲೇ ಕೊಯ್ಯಬೇಕು. ಬಲಿಯಲು ಬಿಟ್ಟಷ್ಟೂ ಹೊಸ ಹೂ ಕಡಮೆಯಾಗುತ್ತದೆ. ಈ ಕಡೆಯ ಪಲ್ಯದ ಸೊಗಸನ್ನು ಬೆಂಗಳೂರಿನ ಹಿತುಕಿದ ಅವರೆಬೇಳೆಯ ಅಭಿಮಾನಿಗಳೂ ಒಮ್ಮೆ ನೋಡಬೇಕು. ಎರಡೂ ಅಂಚಿನ ನಾರು ಸೆಳೆದು, ಕಾಯಿಯನ್ನು ಕತ್ತರಿಸದೆ ಕೈಯಿಂದಲೇ ಮುರಿದು, ಬೆಳ್ಳುಳ್ಳಿ ಈರುಳ್ಳಿಯ ಒಗ್ಗರಣೆಯಲ್ಲಿ ಬಾಡಿಸಿ, ತುಸು ನೀರು ಚಿಮುಕಿಸಿ ಮುಚ್ಚಿಟ್ಟು ಬೇಯಿಸುವುದು. ಹುಣಸೆಯ ರಸ, ಚೂರು ಬೆಲ್ಲ, ಖಾರದ ಪುಡಿ. ಇಳಿಸುವ ಮೊದಲು ಹುರಿದು ಕುಟ್ಟಿದ ಗುರೆಳ್ಳಿನ ಪುಡಿ ಅಥವಾ ಶೇಂಗಾಪುಡಿ ಎರಡು ಚಮಚ. ಬಿಸಿ ಜೋಳದ ರೊಟ್ಟಿಯಿದ್ದರೆ ಬೇರೊಂದು ಬೇಕಿಲ್ಲ. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೂ ಇದೇ ಜೊತೆ. ಒಣಗಿದ ಕಾಳನ್ನು ಬಳಸುವವರು ಮಾತ್ರ ರಾತ್ರಿ ನೆನೆಸಿ, ನೆನೆಸಿದ ನೀರನ್ನು ಚೆಲ್ಲಿ, ಪೂರ್ತಿ ಮೆತ್ತಗಾಗುವಂತೆ ಬೇಯಿಸಬೇಕು. ಹಸಿಯ ಒಣಕಾಳಿನಲ್ಲಿ ಹೊಟ್ಟೆಗೆ ಹಿತವಲ್ಲದ ಅಂಶಗಳಿವೆ. ಮಕ್ಕಳು ಆಡುತ್ತ ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಬೇಕು.

ಇಷ್ಟು ಕಾಯುವ ಸೈರಣೆ ಎಲ್ಲರಿಗೂ ಇರಲಾರದು. ವರ್ಗವಾಗುವ ನೌಕರಿಯವರಿಗೆ ದೀಪಾವಳಿಯ ಹೊತ್ತಿಗೆ ಇದೇ ಮನೆಯಿರುತ್ತದೆಂಬ ಭರವಸೆಯೂ ಇರದು. ಅಂಥವರಿಗೆಂದು ವಿಜ್ಞಾನಿಗಳು ಹಗಲಿನ ಲೆಕ್ಕವಿಡದ ತಳಿಗಳನ್ನು ತಂದಿದ್ದಾರೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್ ಮತ್ತು ಅರ್ಕಾ ವಿಜಯ್ ಎಂಬುವು ಬಳ್ಳಿಯಾಗದೆ ಗಿಡವಾಗಿಯೇ ನಿಲ್ಲುವ ಅವರೆಗಳು. ಕುಂಡದಲ್ಲಿಯೂ ಬರುತ್ತವೆ, ಚಪ್ಪರ ಬೇಡ, ದೀಪಾವಳಿಯನ್ನೂ ಕೇಳುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆಯ ಮೂರನೆಯ ಮತ್ತು ನಾಲ್ಕನೆಯ ತಳಿಗಳೂ ಇದೇ ಗುಣದವು, ಆದರೆ ಅವನ್ನು ಬೆಳೆಸುವುದು ಕಾಳಿಗಾಗಿ. ಆತುರದವರಿಗೆ ಇವು ವರವೇ. ಆದರೆ ಗಿಡದವರೆ ಕೆಲವೇ ಕೊಯ್ಲಿಗೆ ಮುಗಿಯುತ್ತದೆ. ಚಪ್ಪರದವರೆ ಕಾರ್ತಿಕದಿಂದ ಮಾಘದವರೆಗೆ ಮನೆಯನ್ನು ಸಾಕಿ, ಫಾಲ್ಗುಣದಲ್ಲಿ ಮೊಳಕಾಲೆತ್ತರಕ್ಕೆ ಸವರಿ ಬೇಸಗೆಯಲ್ಲಿ ಬೇರು ಒಣಗದಂತೆ ನೋಡಿಕೊಂಡರೆ ಎರಡನೆಯ ವರ್ಷವೂ ಚಿಗುರುತ್ತದೆ. ಎರಡಕ್ಕೂ ಹಿತ್ತಿಲಿನಲ್ಲಿ ಸ್ಥಳವಿದೆ. ಹೊಸದು ಬಂತೆಂದು ಹಳೆಯದನ್ನು ಹೊರಹಾಕುವ ಅಗತ್ಯವಿಲ್ಲ.

ಕಡೆಯದಾಗಿ ಬೀಜ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಪಲ್ಯಕ್ಕೆಂದು ಒಳ್ಳೆಯ ಕಾಯನ್ನೆಲ್ಲ ಕೊಯ್ದು, ಕಡೆಗೆ ಕಣ್ತಪ್ಪಿ ಉಳಿದ ಮುರುಟು ಕಾಯಿಗಳನ್ನು ಬೀಜಕ್ಕೆ ಬಿಡುತ್ತಾರೆ. ನಾಲ್ಕು ವರ್ಷ ಹೀಗೆ ಮಾಡಿದರೆ ತಳಿಯೂ ಮುರುಟುತ್ತದೆ. ಹೇನು ಹತ್ತದ, ಗೊಂಚಲಿಗೆ ಹೆಚ್ಚು ಕಾಯಿ ಕಚ್ಚಿದ ರೆಂಬೆಯೊಂದನ್ನು ಪುಷ್ಯದಲ್ಲಿಯೇ ಗುರುತಿಸಿ, ಅದಕ್ಕೆ ಕೆಂಪು ದಾರ ಕಟ್ಟಿಬಿಡಬೇಕು. ಆ ದಾರದ ಕಡೆಗೆ ಯಾರ ಕೈಯೂ ಹೋಗಕೂಡದೆಂದು ಮನೆಯಲ್ಲಿ ಕಟ್ಟಾಜ್ಞೆಯಿರಲಿ. ಅವರೆಯ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಕಟ್ಟುವುದರಿಂದ ಮಗಳು ತಾಯಿಯನ್ನೇ ಹೋಲುತ್ತಾಳೆ. ನೆರೆಮನೆಯ ನೇರಿಳೆ ಬಣ್ಣದ ಕಾಯಿಯ ಬಳ್ಳಿ ಪಕ್ಕದಲ್ಲಿದ್ದರೂ ಬಿಳಿಕಾಯಿಯ ಬೀಜ ಅಷ್ಟಾಗಿ ಬೆರೆಕೆಯಾಗುವುದಿಲ್ಲ. ದುಂಬಿಯ ಮನೆಬಾಗಿಲಲ್ಲಿ ನಿಲ್ಲುವ ರನ್ನರ್ ಬೀನ್ಸಿಗೆ ಈ ಭಾಗ್ಯವಿಲ್ಲ.

ಕಾಯಿ ಬಳ್ಳಿಯಲ್ಲೇ ಒಣಗಿ ಅಲುಗಿಸಿದಾಗ ಗಿಲಕಿಯಂತೆ ಸದ್ದಾದ ಮೇಲೆ ಬಿಡಿಸಿ, ಕಾಳನ್ನು ನೆರಳಿನಲ್ಲಿ ಆರಿಸಿ, ಹಲ್ಲಿಗೆ ಕಟಕ್ಕೆನ್ನುವಂತಾದಾಗ ಸೋಸಿದ ಬೂದಿಯಲ್ಲಿ ಹೊರಳಿಸಿ ಡಬ್ಬಿಗೆ ತುಂಬಬೇಕು. ಬೂದಿ ಕಾಳು ಕೊರೆಯುವ ಹುಳುವನ್ನು ದೂರವಿಡುತ್ತದೆ. ಕುಡತಿನಿಯ ಬೂದಿದಿಬ್ಬದ ಜನರಿಗೂ ಈ ಉಪಾಯ ಹೊಳೆದಿತ್ತೋ ಏನೋ, ಬೂದಿಗಂತೂ ಅವರಲ್ಲಿ ಕೊರತೆಯಿರಲಿಲ್ಲ. ಡಬ್ಬಿಯ ಮೇಲೆ ವರ್ಷವನ್ನು ಬರೆದಿಡುವುದು ಒಳ್ಳೆಯದು. ರೋಹಿಣಿ ಮಳೆಯ ಹೊತ್ತಿಗೆ ಹತ್ತು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಬೇಕು. ಎಂಟು ಮೊಳೆತರೆ ಗುಣಿಗೆ ನಾಲ್ಕು ಸಾಕು. ಐದೇ ಮೊಳೆತರೆ ಆರೇಳು ಹಾಕಬೇಕು. ಇದ್ದುದನ್ನೆಲ್ಲ ಒಂದೇ ಸಲ ಊರಬಾರದು. ಮೃಗಶಿರ ಕೈಕೊಟ್ಟು ಮೊಳಕೆ ಬೆಂದುಹೋದರೆ ಪುನರ್ವಸುವಿಗೆ ಇನ್ನೊಮ್ಮೆ ಊರಲು ಒಂದು ಹಿಡಿ, ಎರಡೂ ಕೆಟ್ಟರೆ ಮರುವರ್ಷಕ್ಕೆ ಒಂದು ಹಿಡಿ ಡಬ್ಬಿಯಲ್ಲಿ ಉಳಿದಿರಬೇಕು. ಬೇರೆ ಊರಿಗೆ ಹೊರಟ ನೆರೆಮನೆಯವಳಿಗೆ ಕುಂಕುಮದ ಜೊತೆ ಹತ್ತು ಕಾಳು ಕೊಟ್ಟಿದ್ದರೆ ಇನ್ನೂ ಮೇಲು. ಈ ಮನೆಯ ಡಬ್ಬಿಗೆ ಹುಳು ಬಿದ್ದ ವರ್ಷ ಆಕೆಗೊಂದು ಕಾಗದ ಬರೆದು ತರಿಸಿಕೊಳ್ಳಬಹುದು. ಆಕೆಯ ಮನೆಯಲ್ಲಿ ಕುಡುಗೋಲು ಹಿಡಿದು ನಿಂತವರಿಗೆ ದೀಪಾವಳಿಯ ಮಾತನ್ನು ಹೇಳಿ ಕಳುಹಿಸಿರಬೇಕು, ಅಷ್ಟೆ.